ಕೂಣಿಗೆ ಸಿಕ್ಕ ಪರದೇಶಿ: ಸೊರಬ ಸೀಮೆಯ ಒಂದು ಕೆರೆಯ ಪ್ರಕರಣ

ಕೂಣಿ ಹಾಕುವವನಿಗೆ ಕಣ್ಣು ಬೇಕಿಲ್ಲ. ಸೊಂಟದುದ್ದದ ರಾಡಿ ನೀರಿನಲ್ಲಿ ತಳವಿಲ್ಲದ ಬುಟ್ಟಿಯಂಥ ಬಿದಿರಿನ ಕೂಣಿಯನ್ನು ದಬಕ್ಕನೆ ಒತ್ತಿ, ಮೇಲಿನ ಬಾಯಿಂದ ಕೈ ಇಳಿಸಿದರೆ ಒಳಗಿರುವುದು ಯಾವುದೆಂದು ಬೆರಳೇ ಹೇಳುತ್ತದೆ. ಒರಟು ಹುರುಪೆ ತಾಗಿದರೆ ಕುಚ್ಚು, ಪೇಟೆಯವರ ಮರಲ್ ಮೀನು. ಹುರುಪೆಯಿಲ್ಲದೆ ಬರೀ ಲೋಳೆ, ಜೊತೆಗೆ ಮೀಸೆ ತಾಗಿದರೆ ಮುಗುಡು. ಮೀಸೆ ತಾಗಿದ ಮರುಗಳಿಗೆಗೆ ಕೈ ಧಗಧಗ ಉರಿದರೆ ಚೇಳು ಮೀನು. 2022ರ ಬೇಸಿಗೆಯಲ್ಲಿ ನಮ್ಮೂರ ಕೆರೆಬೇಟೆಯ ದಿನ, ಅಂದರೆ ಎಲ್ಲರೂ ಒಟ್ಟಿಗೆ ಕೆರೆಗಿಳಿದು ಮೀನು ಹಿಡಿಯುವ ದಿನ, ನನ್ನ ದೊಡ್ಡಪ್ಪ ಹೀಗೆ ಕೈ ಇಳಿಸಿದವರು ಹಾಗೇ ನಿಂತುಬಿಟ್ಟರು.

"ಮುಗುಡೇ ಹೌದು ಮಾರಾಯ. ಆದ್ರೆ ತಲೆ ಅಂಗೈಗೆ ಸಿಕ್ತಾ ಇಲ್ಲ."

ಎರಡೂ ಕೈ ಹಾಕಿ ಮೇಲೆತ್ತಿದಾಗ ನನ್ನ ಮೊಳಕೈಗಿಂತ ಉದ್ದದ ಮೀನು. ಅಗಲವಾದ ಚಪ್ಪಟೆ ತಲೆ, ಮೇಲೆ ಮರಳು ಕಾಗದದ ಹಾಗೆ ಒರಟು. ಬೂದು ಮೈಮೇಲೆ ಮಸಿ ಚೆಲ್ಲಿದಂಥ ಕಲೆಗಳು. ಅದು ಆಫ್ರಿಕನ್ ಕ್ಯಾಟ್‌ಫಿಶ್. ಸಂಜೆಯೊಳಗೆ ಅಂಥವು ಇನ್ನೂ ಎಷ್ಟೋ ಬಂದವು. ಕುಚ್ಚು ಮಾತ್ರ ಬೆರಳೆಣಿಕೆಯಷ್ಟು. ಹೊರ ಊರಿಂದ ಬಂದವರು ಕೂಣಿ ಹೊತ್ತುಕೊಂಡು ದಡಕ್ಕೆ ಹತ್ತಿ, ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತ ಕೂತರು. ಕುಚ್ಚಿನ ಆಸೆಗೆ ಬಂದವರಿಗೆ ಈ ಮೀನು ಮೀನೇ ಆಗಿರಲಿಲ್ಲ.

ಮುಂದಿನ ಮೂರು ವರ್ಷ ನಾವು ಮಾಡಿದ್ದು, ಮಾಡಿ ಕೆಡಿಸಿದ್ದು, ಸ್ವಲ್ಪ ಮಟ್ಟಿಗೆ ಸರಿಪಡಿಸಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು, ಮೀನಿನ ತಜ್ಞನಲ್ಲ. ಕೆರೆಯ ಹೆಸರು ಬೇಡ. ಹೆಸರು ಹಾಕಿದರೆ ಒಬ್ಬರ ಹೊಂಡ ಯಾವುದೆಂದು ಇಡೀ ತಾಲ್ಲೂಕಿಗೆ ಗೊತ್ತಾಗುತ್ತದೆ, ಅವರಿಗೆ ಆಗಿರುವ ಮುಜುಗರವೇ ಸಾಕು.

ಕೆರೆ ಮತ್ತು ಅದರ ದಾರಿಗಳು

22 ಎಕರೆಯ ಕೆರೆ. ಮೇಲೆ ಕಾನು ಅಂದರೆ ದಟ್ಟ ಕಾಡು, ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ಇತ್ತೀಚೆಗೆ ಎದ್ದ ಅಡಿಕೆ ತೋಟಗಳು. ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನೂರಿನ ಕೆರೆ ಸೇರಿ, ಅಲ್ಲಿಂದ ದಂಡಾವತಿಗೆ, ದಂಡಾವತಿಯಿಂದ ವರದೆಗೆ, ವರದೆಯಿಂದ ತುಂಗಭದ್ರೆಗೆ ಹೋಗುತ್ತದೆ. ಈ ದಾರಿಯನ್ನು ಇಷ್ಟು ಉದ್ದಕ್ಕೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಕೋಡಿಯಲ್ಲಿ ಇಳಿದ ಮೀನಿಗೆ ಕೃಷ್ಣಾ ನದಿಯವರೆಗೆ ರಸ್ತೆ ತೆರೆದೇ ಇದೆ.

40 ಹೆಕ್ಟೇರಿಗಿಂತ ಚಿಕ್ಕ ಕೆರೆಯಾದ್ದರಿಂದ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯದು. ಆದರೆ ನಮ್ಮಲ್ಲಿ ಊರ ಸಮಿತಿಯೇ ಕಾಟ್ಲಾ, ರೋಹು ಮರಿ ಬಿಟ್ಟು, ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕೆರೆಬೇಟೆ ಇಟ್ಟು, ಕೂಣಿಗಿಷ್ಟು ಅಂತ ಟಿಕೆಟ್ ಮಾಡಿ, ಬಂದ ದುಡ್ಡನ್ನು ದೇವಸ್ಥಾನಕ್ಕೆ ಹಾಕುವುದು ಹಿಂದಿನಿಂದ ನಡೆದುಬಂದಿದೆ.

ಪರದೇಶದ ಮೀನು ನಮ್ಮ ಕೆರೆಗೆ ಹೊಸತಲ್ಲ. ಜಿಲೇಬಿ ಅಂತ ಕರೆಯುವ ತಿಲಾಪಿಯಾ 1952ರಲ್ಲೇ ಭಾರತಕ್ಕೆ ಬಂದದ್ದು. ನಮ್ಮ ಕೆರೆಗೆ ಯಾವಾಗ ಬಂತೋ ದೊಡ್ಡಪ್ಪನಿಗೂ ನೆನಪಿಲ್ಲ. ಹೆಣ್ಣು ಜಿಲೇಬಿ ಮೊಟ್ಟೆ ಮರಿಗಳನ್ನು ಬಾಯೊಳಗೇ ಇಟ್ಟು ಕಾಯುತ್ತದೆ, ಹಾಗಾಗಿ ಒಂದು ಹೆಣ್ಣು ಉಳಿದರೂ ಸಂಸಾರ ಉಳಿಯಿತು. ಸೊಳ್ಳೆ ಮರಿ ತಿನ್ನಲೆಂದು ಬಾವಿ, ಹೊಂಡಗಳಿಗೆ ಬಿಡುವ ಗಾಂಬೂಸಿಯಾ 1928ರಿಂದ ಈ ದೇಶದಲ್ಲಿದೆ. ತಲೆ ಮೇಲೆ ಬೆಳ್ಳಿ ಬೊಟ್ಟಿಟ್ಟುಕೊಂಡ ನಮ್ಮದೇ ಪುಟ್ಟ ಮೀನು ಅದೇ ಕೆಲಸವನ್ನು ಗದ್ದೆ ಕಾಲುವೆಯಲ್ಲಿ ಮಾಡುತ್ತಿತ್ತು ಅನ್ನುವುದು ಯಾರ ಲೆಕ್ಕಕ್ಕೂ ಬರಲಿಲ್ಲ. ಅಷ್ಟೇಕೆ, ನಾವೇ ದುಡ್ಡು ಕೊಟ್ಟು ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಸೀಮೆಯವು. ದೇಶದ ಒಳಗಿನ ಪರದೇಶಿಗಳು. ಹಾಗಾಗಿ ಊರ ಸಭೆಯಲ್ಲಿ "ಹೊರಗಿನ ಮೀನು ಬೇಡ" ಅಂತ ನಾನು ಮಾತು ತೆಗೆದಾಗ ಒಬ್ಬರು ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ.

ನಾವು ಯೋಚಿಸಬೇಕಿದ್ದದ್ದು ಯಾವುದನ್ನು ತೆಗೆಯಲು ಆಗುತ್ತದೆ, ಯಾವುದು ಬಿಟ್ಟರೆ ಕೆಡುತ್ತದೆ ಎಂದು. ಜಿಲೇಬಿಯನ್ನು ಕೈಬಿಟ್ಟೆವು. ಅದನ್ನು ತೆಗೆಯುವ ಆಸೆಗೆ ಕೊನೆಯಿಲ್ಲ. ಆಫ್ರಿಕದ ಮೀನು ಬಂದು ಹೆಚ್ಚು ವರ್ಷವಾಗಿರಲಿಲ್ಲ, ಅದನ್ನು ಹಿಡಿಯಲು ಹೊರಟೆವು.

ಎಲ್ಲಿಂದ ಬಂತು

ಹುಡುಕುವುದು ಕಷ್ಟವಾಗಲಿಲ್ಲ. ಕೆರೆಗೆ ನೀರು ತರುವ ಕಾಲುವೆ ಗುಂಟ ಮೇಲಕ್ಕೆ ಒಂದು ಮೈಲಿ ನಡೆದರೆ ಭಾವನ ಕೃಷಿ ಹೊಂಡ. (ದೂರದ ಸಂಬಂಧ, ಆದರೂ ಭಾವನೇ.) ಹೊಂಡದ ಅಂಚಿಗೆ ನಿಂತರೆ ಸಾಕು, ಮೇಲೆ ಬಂದು ಗುಳುಕ್ಕನೆ ಗಾಳಿ ನುಂಗಿ ಮುಳುಗುವ ದೊಡ್ಡ ತಲೆಗಳು. ಕಿವಿರಿನ ಮೇಲಿರುವ ಕವಲು ಕವಲಾದ ಅಂಗದಿಂದ ಈ ಮೀನು ಗಾಳಿಯನ್ನೇ ಉಸಿರಾಡಬಲ್ಲದು. ಹಾಗಾಗಿ ಬೇರೆ ಮೀನು ಸಾಯುವ ಕೊಳಕು ನೀರಿನಲ್ಲೂ ಇದು ಬದುಕುತ್ತದೆ, ಕೋಳಿ ಅಂಗಡಿಯ ಕಸ ತಿಂದೇ ಬೆಳೆಯುತ್ತದೆ.

"ನನಗೇನು ಗೊತ್ತು ಮಾಸ್ತರೆ. ಮರಿ ಮಾರೋನೊಬ್ಬ ಬೈಕಿನ ಮೇಲೆ ಚೀಲ ಕಟ್ಕೊಂಡು ಬಂದಿದ್ದ. ಬೇಗ ಬರೋ ಮುಗುಡು, ಆರು ತಿಂಗಳಿಗೆ ಒಂದು ಕೆಜಿ ಅಂದ. ಮುಗುಡು ಅಂದ್ರೆ ಯಾರು ಬೇಡ ಅಂತಾರೆ?"

ಮೋಸವೆಲ್ಲ ಇದ್ದದ್ದು ಆ ಹೆಸರಿನಲ್ಲಿ. ಭಾರತದಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ 2000ದಿಂದ ನಿಷೇಧವಿದೆ. ಕಳ್ಳದಾರಿಯಲ್ಲಿ ಬಾಂಗ್ಲಾದೇಶದ ಕಡೆಯಿಂದ ನುಸುಳಿದ ಮೀನು ಇದು. ನಿಷೇಧವಾದ ಮೇಲೆ ಅದೇ ಹೆಸರಿನಲ್ಲಿ ಮಾರಲು ಆಗುವುದಿಲ್ಲವಲ್ಲ, ಹಾಗಾಗಿ ಊರೂರಿನ ಮೆಚ್ಚಿನ ಮೀನಿನ ಹೆಸರು ಹೊತ್ತು ಬರುತ್ತದೆ. ಪಶ್ಚಿಮ ಘಟ್ಟದ ನಮ್ಮ ಮುಗುಡು, ಅಂದರೆ ಕ್ಲಾರಿಯಸ್ ಡುಸುಮಿಯೆರಿ, ಆಫ್ರಿಕದ ಕ್ಲಾರಿಯಸ್ ಗ್ಯಾರಿಪೈನಸ್‌ಗೆ ದಾಯಾದಿ. ಬೆರಳುದ್ದದ ಮರಿಯಾಗಿದ್ದಾಗ ಇವೆರಡನ್ನೂ ಬೇರೆ ಮಾಡುವುದು ಭಾವನಿಗಿರಲಿ, ನನಗೂ ಆಗುವುದಿಲ್ಲ.

2019ರ ಆಗಸ್ಟ್ ಮಳೆ ಮಲೆನಾಡಿನವರಿಗೆ ನೆನಪಿಸಬೇಕಿಲ್ಲ. ಆಗ ಭಾವನ ಹೊಂಡ, ಕಾಲುವೆ, ಗದ್ದೆ, ಕೆರೆ ಎಲ್ಲ ಒಂದೇ ನೀರಾಗಿತ್ತು. ಹೀಗೆ ಆಗುವುದು ಮೊದಲ ಸಲವೇನಲ್ಲ. 1971ರಲ್ಲಿ ಹಿಮಾಚಲದಲ್ಲಿ ಒಂದು ಮೀನು ಸಾಕಣೆ ಕೇಂದ್ರಕ್ಕೆ ನೆರೆ ನುಗ್ಗಿ ಚೀನಾ ಮೂಲದ ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) ಗೋಬಿಂದ ಸಾಗರ ಜಲಾಶಯಕ್ಕೆ ಹೋಯಿತು. ಮುಂದೆ ಅಲ್ಲಿ ಬಲೆಗೆ ಬೀಳುವುದೆಲ್ಲ ಹೆಚ್ಚುಕಡಿಮೆ ಅದೇ ಆಗಿ, ಕಾಟ್ಲಾ ಹಿಂದೆ ಬಿತ್ತು. 2018ರ ನೆರೆಯಲ್ಲಿ ಕೇರಳದ ಹೊಳೆಗಳಿಗೆ ಅಮೆಜಾನಿನ ಅರಪೈಮಾ ಕೂಡ ತಪ್ಪಿಸಿಕೊಂಡು ಬಂದಿತ್ತು. ನಮ್ಮ ಪಾಲಿಗೆ ಇನ್ನೊಂದು ದುರದೃಷ್ಟ: 2020, 2021ರ ಎರಡೂ ಬೇಸಿಗೆ ಲಾಕ್‌ಡೌನಿನಲ್ಲಿ ಹೋಯಿತು. ಕೆರೆಬೇಟೆ ಇಲ್ಲ, ಕೆರೆಗೆ ಇಳಿದ ಕೈಯೂ ಇಲ್ಲ. ಮೀನು ಸುಮ್ಮನೆ ಬೆಳೆಯಿತು.

ಏನು ಕೆಟ್ಟಿತು ಅನ್ನುವುದರಲ್ಲಿ ಜಾಗ್ರತೆಯಿಂದ ಮಾತಾಡಬೇಕು. 2022ರಲ್ಲಿ ಹಿಡಿದ ಕೆಲವದರ ಹೊಟ್ಟೆ ಸೀಳಿ ನೋಡಿದೆವು. ಕಪ್ಪೆ, ಪಕ್ಕೆ ಮೀನು, ಬಸವನಹುಳು, ಗುರುತು ಸಿಗದ ಮೂಳೆಗಳು. ಅಂದರೆ ಸಿಕ್ಕಿದ್ದೆಲ್ಲ. ಆದರೆ ಕುಚ್ಚು ಕಡಿಮೆಯಾದ ಪಾಪವನ್ನೆಲ್ಲ ಇದರ ತಲೆಗೇ ಕಟ್ಟಲು ನಾನು ತಯಾರಿಲ್ಲ. ಕುಚ್ಚು ಮೊಟ್ಟೆ ಇಡುವುದು ಅಂಚಿನ ಜೊಂಡಿನ ನಡುವೆ; ಗಂಡು ಹೆಣ್ಣು ಎರಡೂ ಸೇರಿ ಮರಿ ಕಾಯುತ್ತವೆ. ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಬಂದು ಅಂಚಿನ ಜೊಂಡನ್ನೆಲ್ಲ ಬಳಿದು, ದಡವನ್ನು ಗೋಡೆಯ ಹಾಗೆ ನಿಲ್ಲಿಸಿ ಹೋಗಿತ್ತು. ಮೊದಲು ತೊಟ್ಟಿಲು ಕಿತ್ತವರು ನಾವು. ಆಮೇಲೆ ಕಳ್ಳ ಬಂದ.

ಮೊದಲ ವರ್ಷ: ನನ್ನ ತಪ್ಪು

ಸಭೆಯಲ್ಲಿ ಮೊದಲು ಬಂದ ಸಲಹೆ ವಿಷ ಹಾಕುವುದು. ಹಿಂದೆಲ್ಲ ಹಳ್ಳದ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಲ್ಲ, ಹಾಗೆ. ಮೀನು ಸಾಕುವವರು ಹೊಂಡ ಶುದ್ಧ ಮಾಡಲು ಹಿಪ್ಪೆ ಹಿಂಡಿ ಬಳಸುತ್ತಾರೆ. ಒಂದು ಘನ ಮೀಟರ್ ನೀರಿಗೆ ಸುಮಾರು 250 ಗ್ರಾಂ ಬೇಕು. ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಬೇಸಿಗೆಯಲ್ಲಿ ಅರ್ಧ ಮೀಟರ್ ನೀರು ಅಂದುಕೊಂಡರೂ ನಮ್ಮ ಕೆರೆಗೆ 11 ಟನ್. ಹಾಕಿದ ಮೇಲೆ ಎರಡು ಮೂರು ವಾರ ಆ ನೀರು ವಿಷ. ದನ ಎಲ್ಲಿ ನೀರು ಕುಡಿಯಬೇಕು ಅಂತ ಹೆಂಗಸರ ಕಡೆಯಿಂದ ಒಂದು ಮಾತು ಬಂತು, ಚರ್ಚೆ ಅಲ್ಲಿಗೇ ಮುಗಿಯಿತು. ಹಿಂಡಿಗೆ ಮುಗುಡು ಯಾವುದು, ಆಫ್ರಿಕದ್ದು ಯಾವುದು ಅಂತಲೂ ಗೊತ್ತಾಗುವುದಿಲ್ಲ.

ಗೊತ್ತು ಮಾಡಿಸುತ್ತೇನೆ ಅಂತ ಹೊರಟ ನಾನು ಮಾಡಿದ್ದೇನು? ಶಾಲೆ ಹುಡುಗರಿಗೆ ಒಂದು ಚಿತ್ರ ಬರೆದು ಕೊಟ್ಟೆ. "ಮೀಸೆ, ಚಪ್ಪಟೆ ತಲೆ, ಕಲೆ ಇದ್ದರೆ ಬಿಡಬೇಡಿ." ಹುಡುಗರು ಬಿಡಲಿಲ್ಲ. ಆ ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಹೊಡೆದು ಸಾಲಾಗಿ ಇಟ್ಟದ್ದನ್ನು ನನಗೆ ತೋರಿಸಲು ಕರೆದರು. ಹೋಗಿ ನೋಡಿದರೆ ಬಹುಪಾಲು ನಮ್ಮ ಮುಗುಡು, ಮೊಟ್ಟೆ ತುಂಬಿದವು. ಮುಗುಡಿನ ಮೈಮೇಲೂ ಸಣ್ಣ ಬಿಳಿ ಚುಕ್ಕೆಗಳಿರುತ್ತವೆ. ಕಲೆ ಅಂದರೆ ಎಂಥ ಕಲೆ ಅಂತ ನಾನು ಹೇಳಿರಲಿಲ್ಲ. ಆ ಬದು ದಾಟುವಾಗ ಈಗಲೂ ನನಗೆ ಹಿಂಸೆಯಾಗುತ್ತದೆ.

ಅದಾದ ಮೇಲೆ ಚಿತ್ರ ಹರಿದು ಹಾಕಿ ದೊಡ್ಡಪ್ಪನ ಅಳತೆಯನ್ನೇ ನಿಯಮ ಮಾಡಿದೆವು. ಮೀಸೆ ಇರುವ ಮೀನು ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ ದಾಟಿದ್ದರೆ ಅದು ಮುಗುಡಾಗಿರುವುದು ಬಲು ಅಪರೂಪ, ತೆಗೆಯಿರಿ. ಅದಕ್ಕಿಂತ ಚಿಕ್ಕದಾದರೆ ತಲೆಯ ಮೇಲೆ ಹೆಬ್ಬೆರಳು ಉಜ್ಜಿ, ಮೈ ನೋಡಿ, ಅನುಮಾನ ಬಂದರೆ ನೀರಿಗೆ ಬಿಡಿ. ಇದರಿಂದ ಆಫ್ರಿಕದ ಚಿಕ್ಕವು ಒಂದಷ್ಟು ತಪ್ಪಿಸಿಕೊಳ್ಳುತ್ತವೆ ಅನ್ನುವುದು ಗೊತ್ತಿತ್ತು. ತಪ್ಪಿಸಿಕೊಂಡದ್ದು ಮುಂದಿನ ವರ್ಷ ದೊಡ್ಡದಾಗಿ ಕೈಗೆ ಸಿಗುತ್ತದೆ, ಸತ್ತ ಮುಗುಡು ಸಿಗುವುದಿಲ್ಲ.

ಎರಡನೇ ವರ್ಷ: ಪಂಪು ಮತ್ತು ಟಿಕೆಟ್ಟು

2023ರ ಬೇಸಿಗೆಯಲ್ಲಿ ನೀರನ್ನೇ ಖಾಲಿ ಮಾಡೋಣ ಎಂದಾಯಿತು. ನಾಲ್ಕು ಡೀಸೆಲ್ ಪಂಪು, ಐದು ಹಗಲು ಐದು ರಾತ್ರಿ. ನೀರು ಇಳಿದಂತೆ ಮೊದಲು ಸತ್ತದ್ದು ಪಕ್ಕೆ, ಆಮೇಲೆ ಕಾಟ್ಲಾ. ಕೊಕ್ಕರೆಗಳಿಗೆ ಹಬ್ಬ. ಯಾವುದನ್ನು ಹಿಡಿಯಲು ಡೀಸೆಲ್ ಸುಟ್ಟೆವೋ ಅದು ಏರಿಯ ಬುಡದ ಕೆಸರಿನಲ್ಲಿ, ಕಲ್ಲಿನ ಸಂದಿಯಲ್ಲಿ ಹೂತುಕೊಂಡು ಗಾಳಿ ಕುಡಿಯುತ್ತಾ ತಣ್ಣಗಿತ್ತು. ಮೊಣಕಾಲವರೆಗಿನ ಕೆಸರಿನಲ್ಲಿ ಕೂಣಿಯೂ ಇಳಿಯುವುದಿಲ್ಲ, ಬಲೆಯೂ ಎಳೆಯುವುದಿಲ್ಲ. ಸಮಿತಿಯ ದುಡ್ಡು ಖಾಲಿಯಾಯಿತು.

ಅದೇ ವರ್ಷ ಇನ್ನೊಂದು ಬುದ್ಧಿವಂತಿಕೆ. ದೊಡ್ಡ ಕ್ಯಾಟ್‌ಫಿಶ್ ತಂದು ತೋರಿಸಿದವರಿಗೆ ಕೂಣಿಯ ಟಿಕೆಟ್ ಹಣ ವಾಪಸ್ ಎಂದು ಸಾರಿದೆವು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮಹಾರಾಯ ತಂದ ಮೀನುಗಳಿಗೆ ಐಸು ಅಂಟಿಕೊಂಡಿತ್ತು. ಸಂತೆಯಲ್ಲಿ ಕೊಂಡು ತಂದಿದ್ದಾನೆ! ನಕ್ಕೆವು, ಆದರೆ ರಾತ್ರಿ ಯೋಚನೆ ಹತ್ತಿತು. ಹೀಗೆ ದುಡ್ಡು ಕೊಡುತ್ತಾ ಹೋದರೆ ನಾಳೆ ಯಾರೋ ಇದನ್ನು ಹೊಂಡದಲ್ಲಿ ಬೆಳೆಸಿಯೇ ತರುತ್ತಾರೆ. ಬಹುಮಾನ ನಿಲ್ಲಿಸಿದೆವು. ತಿಂದೇ ಮುಗಿಸೋಣ ಅನ್ನುವ ಮಾತೂ ಹೀಗೆಯೇ. ತಿನ್ನಲು ಅಡ್ಡಿಯಿಲ್ಲ, ವಾಟೆಪುಡಿ ಹಾಕಿ ಸಾರು ಮಾಡಿದ ನಮ್ಮ ಅತ್ತಿಗೆ "ಚಪ್ಪೆ, ಹುಳಿ ಹಿಡಿಯೋದೇ ಇಲ್ಲ" ಅಂದರು. ಹಿಡಿದದ್ದನ್ನು ತಿನ್ನುವುದು ಸರಿ, ಆದರೆ ಅದಕ್ಕೊಂದು ಮಾರುಕಟ್ಟೆ ಎದ್ದರೆ ಆ ಮೀನು ಇರಲಿ ಅನ್ನುವವರೂ ಏಳುತ್ತಾರೆ.

ಮೂರನೇ ವರ್ಷ: ಬರಗಾಲ, ಆಮೇಲೆ ಹತ್ತುಮೀನು

2023ರ ಮುಂಗಾರು ಕೈಕೊಟ್ಟಿತು. 2024ರ ಏಪ್ರಿಲ್ ಹೊತ್ತಿಗೆ ಪಂಪು ಮಾಡಲಾಗದ್ದನ್ನು ಬಿಸಿಲು ಮಾಡಿತ್ತು. ಕೆಸರು ಒಣಗಿ ಬಿರುಕು ಬಿಟ್ಟು, ನೀರು ಉಳಿದದ್ದು ತೂಬಿನ ಮುಂದಿನ ಗುಂಡಿಯಲ್ಲಿ ಮಾತ್ರ. ಇಡೀ ಕೆರೆಯ ಮೀನು ಅಲ್ಲಿ. ಈ ಸಲ ನಾವು ಟಿಕೆಟ್ ಮಾಡಲಿಲ್ಲ, ಹೊರಗಿನವರನ್ನು ಕರೆಯಲಿಲ್ಲ. ಊರಿನ ಹಳೆಯ ಕೈಗಳು ಮಾತ್ರ, ದಿನಕ್ಕೆ ಬೆಳಿಗ್ಗೆ ಎರಡು ತಾಸು. ಕೂಣಿಗೆ ಬಿದ್ದ ಪ್ರತಿ ಮೀನೂ ಒಂದು ಕೈಯಿಂದ ಹಾದು ಮೇಲೆ ಬರುತ್ತದೆ, ಎಳೆಬಲೆಯಲ್ಲಿ ಈ ಅನುಕೂಲವಿಲ್ಲ. ಕುಚ್ಚು, ಮುಗುಡು, ಹಾವು ಮೀನುಗಳನ್ನು ಬಿಂದಿಗೆಯಲ್ಲಿ ಹೊತ್ತು ತೋಟಗಳ ಬಾವಿಗೆ ಬಿಟ್ಟೆವು. ಉಳಿದವನ್ನು ಬಿಡಲಿಲ್ಲ.

ಭಾವನ ಹೊಂಡವನ್ನೂ ಆಗಲೇ ಒಣಗಿಸಿದ್ದು. ಅವರನ್ನು ಒಪ್ಪಿಸಲು ಎರಡು ವರ್ಷ ಹಿಡಿದದ್ದು ನಮ್ಮದೇ ದಡ್ಡತನ. ಪೊಲೀಸು, ಕೇಸು ಅಂತೆಲ್ಲ ಮಾತಾಡಿದವರು ಇದ್ದರು. ಅಷ್ಟು ದಿನವೂ ಅವರು ಗೇಟು ತೆಗೆಯಲಿಲ್ಲ. ಕೊನೆಗೆ ದೊಡ್ಡಪ್ಪ ಒಬ್ಬರೇ ಹೋಗಿ, ಚಾ ಕುಡಿದು, "ಈ ಮೀನು ತೆಗಿ, ರೋಹು ಮರಿ ಸಮಿತಿಯಿಂದ ತಂದ್ಕೊಡ್ತೀವಿ" ಅಂದರು. ಅಷ್ಟೇ. ಮೂರು ವರ್ಷದಲ್ಲಿ ನಾವು ಮಾಡಿದ ಖರ್ಚಿನಲ್ಲೆಲ್ಲ ಅತಿ ಕಡಿಮೆಯದು, ಅತಿ ಹೆಚ್ಚು ಫಲ ಕೊಟ್ಟದ್ದು ಅದೇ. ಮರಿಯನ್ನು ಭದ್ರಾ ಜಲಾಶಯದ ಬಳಿಯ ಬಿ.ಆರ್.ಪಿ. ಎಂಬ ಊರಿನ ಸರ್ಕಾರಿ ಮೀನು ಮರಿ ಕೇಂದ್ರದಿಂದ ತಂದೆವು. ಯಾವ ಚೀಲವೂ ಈಗ ನೇರವಾಗಿ ನೀರಿಗೆ ಸುರಿಯುವಂತಿಲ್ಲ. ಬಿಳಿ ಎನಾಮೆಲ್ ಬೋಗುಣಿಗೆ ಸ್ವಲ್ಪ ಸ್ವಲ್ಪ ಹಾಕಿ, ಮೀಸೆ ಇರುವ ಮರಿ ಕಂಡರೆ ಹೊರಗೆ.

ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿಯಿತು. ಈ ಹೊತ್ತಿಗೆ ಕೆರೆಯ ಮೀನು ಹೊಸ ನೀರಿಗೆ ಎದುರಾಗಿ ಹಳ್ಳ, ಗದ್ದೆ ಹತ್ತಿ ಮೊಟ್ಟೆ ಇಡಲು ಹೊರಡುತ್ತದೆ. ನಮ್ಮ ಕಡೆ ಹತ್ತುಮೀನು ಅಂದರೆ ಇದೇ. ರಾತ್ರಿ ಬ್ಯಾಟರಿ ಹಿಡಿದು ಕತ್ತಿಯಲ್ಲಿ ಕಡಿಯುವುದು ಎಲ್ಲರೂ ಬಾಲ್ಯದಲ್ಲಿ ಮಾಡಿದ್ದೇ. ಆಫ್ರಿಕದ ಮೀನೂ ಅದೇ ಕಾಲಕ್ಕೆ, ಅದೇ ದಾರಿಯಲ್ಲಿ ಹತ್ತುತ್ತದೆ. ತನ್ನ ನಾಡಿನಲ್ಲೂ ಅದು ಮಳೆಗೆ ಮುಳುಗಿದ ತಗ್ಗು ನೆಲ ಹುಡುಕಿ ಮೊಟ್ಟೆ ಚೆಲ್ಲುವುದು. ದೊಡ್ಡ ಹೆಣ್ಣಿನ ಮೊಟ್ಟೆಗಳು ಲಕ್ಷದ ಲೆಕ್ಕಕ್ಕೆ ಹೋಗುತ್ತವೆ. ಅಂಥ ಒಂದನ್ನು ಹಳ್ಳದಲ್ಲಿ ತಡೆದರೆ ಬೇಸಿಗೆಯ ಒಂದು ಇಡೀ ಕೆರೆಬೇಟೆಯ ಕೆಲಸ ಅಲ್ಲೇ ಆಯಿತು.

ಹಾಗಾಗಿ ಹತ್ತುಮೀನಿಗೆ ಹೊಸ ಕಟ್ಟಳೆ ಬಂತು. ಕತ್ತಿ ಬೇಡ, ಕೂಣಿ ಮತ್ತು ಕೈ ಮಾತ್ರ. ಹಳ್ಳ ಕೆರೆ ಸೇರುವ ಮೂರು ಬಾಯಿಗಳಲ್ಲಿ ಪಾಳಿ. ಮುಗುಡು, ಕುಚ್ಚು ಬಂದರೆ ಎತ್ತಿ ಮೇಲಿನ ಗದ್ದೆಗೆ ಬಿಡಬೇಕು. ಹುಡುಗರು ಮುಖ ಸಣ್ಣ ಮಾಡಿದರು. ಕತ್ತಿ ಬೀಸುವ ಖುಷಿಯೇ ಹೋಯಿತಲ್ಲ. ಗದ್ದೆಗೆ ಬಿಟ್ಟ ಮೀನನ್ನು ಅರ್ಧ ತಾಸು ಬಿಟ್ಟು ಮತ್ತೆ ಹಿಡಿದು ಮನೆಗೆ ಒಯ್ದವರೂ ಇದ್ದಾರೆ, ಯಾರೆಂದು ಬಲ್ಲೆ. ಆದರೂ ಆ ಒಂಬತ್ತು ರಾತ್ರಿಯಲ್ಲಿ ಮೊಟ್ಟೆ ತುಂಬಿದ ಆಫ್ರಿಕದ ಹೆಣ್ಣುಗಳು ಸಿಕ್ಕವು. ಬರದಲ್ಲಿ ನಮ್ಮ ಕೈಗೆ ಸಿಗದೆ ಉಳಿದವು ಎಲ್ಲಿದ್ದವು ಅನ್ನುವುದು ನನಗೆ ಆಶ್ಚರ್ಯವೇ.

ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಮೀನು ಕೆಳಗಿನೂರಿಗೆ ಇಳಿಯದಿರಲಿ ಎಂದು ಕೋಡಿಗೆ ಕಬ್ಬಿಣದ ಜಾಲರಿ ಕಟ್ಟಿದ್ದೆವು. ಜುಲೈನಲ್ಲಿ ಮಳೆ ಹೊಡೆದಾಗ ಕಾನಿನಿಂದ ಬಂದ ಸೊಪ್ಪು ಸದೆ ಜಾಲರಿಗೆ ಕಚ್ಚಿ, ನೀರು ಕಟ್ಟಿಕೊಂಡು ಏರಿಯ ತಲೆಗೆ ಒಂದು ಗೇಣು ಉಳಿದಿತ್ತು. ರಾತ್ರಿ ಹನ್ನೊಂದಕ್ಕೆ ಹಗ್ಗ ಕಟ್ಟಿ ಎಳೆದು ಕಿತ್ತೆವು. ಏರಿ ಒಡೆದಿದ್ದರೆ ಮೀನಿನ ಜೊತೆ ಕೆಳಗಿನ ಗದ್ದೆಗಳೂ ಹೋಗುತ್ತಿದ್ದವು. ಕೋಡಿಗೆ ಜಾಲರಿ ಕಟ್ಟುವ ಯೋಚನೆ ಇರುವ ಊರಿನವರು ದಯವಿಟ್ಟು ಮೊದಲು ನಮ್ಮನ್ನು ಕೇಳಿ.

ಈಗಿನ ಸ್ಥಿತಿ

2025ರ ಬೇಸಿಗೆಯಲ್ಲಿ ಚಿಕ್ಕದಾಗಿ ಒಂದು ಕೆರೆಬೇಟೆ ಇಟ್ಟೆವು. ಆಫ್ರಿಕದ ಮೀನು ಬಂತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮೊಳಕೈ ದಾಟಿದವು ನಾಲ್ಕೇ. ಕುಚ್ಚು ಹಿಂದಿನ ಕಾಲದಷ್ಟಿಲ್ಲ. ಬಾವಿಯಿಂದ ತಂದು ಬಿಟ್ಟವು ಉಳಿದಿವೆ, ಜೊಂಡು ಮತ್ತೆ ಎದ್ದ ತೂಬಿನ ಮಗ್ಗುಲಲ್ಲಿ ಕೆಂಪು ಮರಿಗಳ ಒಂದು ಗುಂಪು, ಕೆಳಗೆ ಕಾವಲಿಗೆ ತಾಯಿ ತಂದೆ, ನಾನೇ ಕಂಡೆ. ದೊಡ್ಡಪ್ಪ ಇದನ್ನೆಲ್ಲ ಒಪ್ಪುವುದಿಲ್ಲ. ಬರಗಾಲ ಬಂದದ್ದರಿಂದ ಕೆಲಸ ಆಯಿತು, ನಮ್ಮಿಂದಲ್ಲ, ಮುಂದಿನ ನಾಲ್ಕು ವರ್ಷ ಮಳೆ ಚೆನ್ನಾಗಿ ಆದರೆ ನೋಡು ಅನ್ನುತ್ತಾರೆ. ಅವರ ಮಾತನ್ನು ತೆಗೆದುಹಾಕಲು ನನ್ನ ಹತ್ತಿರ ಪುರಾವೆಯಿಲ್ಲ.

ಇಷ್ಟೆಲ್ಲ ಒಂದು ಹಳ್ಳಿ ಕೆರೆಗಾಗಿ ಏಕೆ ಅಂತ ಪೇಟೆಯ ಸ್ನೇಹಿತರು ಕೇಳುತ್ತಾರೆ. ಪಕ್ಕದ ಶರಾವತಿಯಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಮೀನಿಗೆ ವಿಜ್ಞಾನ ಹೆಸರಿಟ್ಟದ್ದು 2004ರಲ್ಲಿ. ಹೆಸರೇ ಇಡದ ಮೀನುಗಳು ನಮ್ಮ ಹಳ್ಳಗಳಲ್ಲಿ ಇನ್ನೆಷ್ಟಿವೆಯೋ. ಅವನ್ನು ನಾವು ನೋಡುವ ಮೊದಲೇ ಈ ದೊಡ್ಡ ತಲೆ ನೋಡಿರುತ್ತದೆ.

ಹೋದ ವಾರ ಕೆಳಗಿನೂರಿನ ಸಮಿತಿಯವರು ಫೋನ್ ಮಾಡಿದ್ದರು. "ನಿಮ್ಮೂರ ಮೀನು ನಮ್ಮ ಕೆರೆಗೆ ಬಂದಿದೆಯಲ್ಲ ಮಾಸ್ತರೆ, ಬಂದು ಗುರುತು ಹಿಡಿದುಕೊಡಿ" ಅಂದರು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದ್ದೇ. ಭಾನುವಾರ ಹೊರಡುತ್ತಿದ್ದೇವೆ. ದೊಡ್ಡಪ್ಪ ಕೂಣಿಯ ಕಟ್ಟು ಬಿಗಿ ಮಾಡಿಟ್ಟಿದ್ದಾರೆ, ಬೋಗುಣಿ ನಾನು ತರುತ್ತೇನೆ. ಜೀಪು ಭಾವನದು.